ಮಳೆಗಾಲದ ಕೋವಿಗೆ ಯಾವ ಹಿಡಿ?



ನಾಟಿ ಮುಗಿದು, ಮಳೆ ಒಂದಿಷ್ಟು ಹೊಳವಾದಾಗ ಒಂದು ಕೆಲಸ ಮಾಡಿ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡಿರುವ ನಿಮ್ಮ ಕೋವಿಯನ್ನು ಕೆಳಗಿಳಿಸಿ. ಒಳಗೆ ತೋಟೆ ಇಲ್ಲವೆಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಬಾಗಿಲ ಬೆಳಕಿಗೆ ಹಿಡಿಯಿರಿ. ನಳಿಗೆಯನ್ನು ಎಲ್ಲರೂ ನೋಡುತ್ತಾರೆ, ಎಣ್ಣೆ ಹಚ್ಚುತ್ತಾರೆ. ನಾನು ಹೇಳುವುದು ಮರವನ್ನು ನೋಡಿ ಎಂದು. ಕಬ್ಬಿಣ ಮುಗಿದು ಮರ ಆರಂಭವಾಗುವ ಕಡೆ, ಕೈಮುಷ್ಟಿಯಲ್ಲಿ ಹಿಡಿಯುವ ಸಣ್ಣ ಕತ್ತಿನ ಕಡೆ, ಕೂದಲೆಳೆಯಷ್ಟು ಸೀಳು ಕಾಣುತ್ತದೆಯೇ? ಹೆಬ್ಬೆರಳಿನಿಂದ ಒತ್ತಿದರೆ ಅಲ್ಲಿ ಎಣ್ಣೆ ಜಿನುಗುತ್ತದೆಯೇ? ಭುಜಕ್ಕೆ ತಾಗುವ ತಟ್ಟೆಯ ಅಂಚಿನಲ್ಲಿ ಮರ ಕಪ್ಪಾಗಿದೆಯೇ? ಇವುಗಳಲ್ಲಿ ಒಂದು ಕಂಡರೂ ಮುಂದಿನ ಗುಂಡು ಹಾರಿಸುವ ಮೊದಲು ಯೋಚಿಸಬೇಕಾದ್ದಿದೆ.

ಕೋವಿಯ ಹಿಡಿಯನ್ನು ಕೆಲವರು ಬಟ್ಟು ಎನ್ನುತ್ತಾರೆ, ಕೆಲವರು ಬರೀ ಮರ ಎನ್ನುತ್ತಾರೆ. ಹೆಸರು ಏನಿದ್ದರೂ ಅದರ ಬಗ್ಗೆ ನಮಗಿರುವ ಅಸಡ್ಡೆ ಒಂದೇ. ಈಚೆಗೆ ನಮ್ಮೂರ ವಾಚನಾಲಯದಲ್ಲಿ ಈ ಮಾತೇ ಬಂತು. ಪಕ್ಕದ ಊರಿನ ಅಡಿಕೆ ಬೆಳೆಗಾರರೊಬ್ಬರ ಅಳಿಯ ಹೊರದೇಶದಿಂದ ಒಂದು ಕೆಟಲಾಗು ತಂದಿದ್ದ. ಅದರ ತುಂಬಾ ಮಳೆಗೆ ಜಗ್ಗದ ಪ್ಲಾಸ್ಟಿಕ್ ಹಿಡಿಗಳು, ಕಪ್ಪು, ಹಸಿರು, ಬೂದಿ ಬಣ್ಣದವು. "ಇದನ್ನ ಹಾಕ್ಸಿದ್ರೆ ಮುಗೀತು ಮಾರಾಯ್ರೇ, ನಿಮ್ಮ ಕಾಲಕ್ಕೆ, ಮಗನ ಕಾಲಕ್ಕೆ ಎರಡಕ್ಕೂ ಆಯ್ತು" ಎಂದು ಬೆಳೆಗಾರರು ನನ್ನತ್ತ ತಿರುಗಿ ಹೇಳಿದರು. ಆಗ ಕೊಟ್ಟ ಉತ್ತರ ಗಡಿಬಿಡಿಯದಾಗಿತ್ತು. ಸಾವಧಾನದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಟಲಾಗಿನಲ್ಲಿದ್ದದ್ದು ಬೇಟೆಯ ರೈಫಲ್‌ಗಳ ಹಿಡಿಗಳು. ನಮ್ಮಲ್ಲಿ ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಅದರಲ್ಲೂ 1991ರ ತಿದ್ದುಪಡಿಯ ನಂತರ, ಮೋಜಿಗೆ ಹೊಡೆಯುವ ಮಾತೇ ಇಲ್ಲ. ಗದ್ದೆಗೆ ನುಗ್ಗುವ ಹಂದಿಯನ್ನು ಕೂಡ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಇಲ್ಲದೆ ಹೊಡೆಯುವಂತಿಲ್ಲ. ಆದರೂ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿಗಳು ಉಳಿದಿವೆ. ಕಾನೂನಿನ ಒಳಗೇ ಉಳಿದಿವೆ. 1959ರ ಆಯುಧ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿ ಹೇಳುತ್ತದೆ; ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯವಾದ ನಳಿಗೆಯ ಕೋವಿಗೂ ಪರವಾನಗಿ ಕೊಡಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಹಿಂದಿನಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಎಂದರೆ 2029ರ ಅಕ್ಟೋಬರ್ ತನಕ, ಮುಂದುವರಿಸಿತು. 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವ ಮನೆಗಳಲ್ಲಿ ಅಜ್ಜನ ಕಾಲದ ರೈಫಲ್‌ಗಳೂ ಇವೆ. ಅಂದು ಮಧ್ಯಾಹ್ನ ತೆಂಗಿನಕಾಯಿಗೆ ಗುರಿಯಿಡುವಾಗ ಯಾರ ಹಿಡಿ ಗಟ್ಟಿ, ಯಾರದ್ದು ಟೊಳ್ಳು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ.

ಮರವನ್ನು ಮಳೆ ಹೇಗೆ ಕೆಡಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ತಿಳಿಯದೆ ಹಿಡಿ ಆರಿಸುವುದು ಮಣ್ಣು ನೋಡದೆ ಬೀಜ ಕೊಂಡಂತೆ. ಮರ ಎಂದರೆ ಒತ್ತಾಗಿ ಕಟ್ಟಿದ ಹುಲ್ಲು ಕೊಳವೆಗಳ ಕಂತೆ ಎಂದುಕೊಳ್ಳಿ. ಗಾಳಿಯಲ್ಲಿ ತೇವ ಹೆಚ್ಚಿದರೆ ಮರ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ, ತೇವಾಂಶ ಶೇಕಡಾ 40ರ ಆಸುಪಾಸಿನಲ್ಲಿದ್ದಾಗ, ಮರದಲ್ಲಿ ಅದರ ಒಣ ತೂಕದ ಶೇಕಡಾ 7–8ರಷ್ಟು ನೀರಿರುತ್ತದೆ. ಗಾಳಿಯ ತೇವ ಶೇಕಡಾ 90 ಮುಟ್ಟಿ ವಾರಗಟ್ಟಲೆ ಹಾಗೇ ನಿಂತರೆ ಅದು ಸುಮಾರು 20ಕ್ಕೆ ಏರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಸ್ಥಿತಿ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಎರಡು ಅಂಗುಲ ದಪ್ಪದ ಹಿಡಿ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಒಂದು ಮಿಲಿಮೀಟರಿನಷ್ಟು ಉಬ್ಬಬಹುದು. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಕಬ್ಬಿಣಕ್ಕೆ ಸರಿಯಾಗಿ ಕೂರುವಂತೆ ಕೊರೆದ ಮರದಲ್ಲಿ ಅಷ್ಟು ಸಾಕು, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸಡಿಲಾದ ಜಾಗದಲ್ಲಿ ಕಬ್ಬಿಣ ಪ್ರತಿ ಗುಂಡಿಗೂ ಹಿಂದಕ್ಕೆ ಗುದ್ದುತ್ತದೆ, ಸೀಳು ಅಲ್ಲಿಂದ ಹೊರಡುತ್ತದೆ.

ನೀರು ಒಳಹೋಗುವ ದಾರಿ ಹೆಚ್ಚಾಗಿ ಪಾಲಿಶ್ ಹೊಡೆದ ಹೊಳೆಯುವ ಮೈಯಲ್ಲ. ಎಳೆಗಳು ಕತ್ತರಿಸಿ ಬಾಯಿ ಬಿಟ್ಟಿರುವ ತುದಿ, ಎಂದರೆ ಭುಜದ ತಟ್ಟೆಯ ಹಿಂದಿನ ಭಾಗ. ತಟ್ಟೆ ಬಿಚ್ಚಿ ನೋಡಿದವರು ನೂರರಲ್ಲಿ ಐವರೂ ಇರಲಾರರು. ಅಲ್ಲಿ ಮರ ಬೆತ್ತಲೆಯಾಗಿರುತ್ತದೆ. ಕೋವಿಯನ್ನು ಒದ್ದೆ ಜಗಲಿಯ ಮೇಲೆ ನಿಲ್ಲಿಸಿದರೆ ದೀಪದ ಬತ್ತಿ ಎಣ್ಣೆ ಏರಿಸಿಕೊಂಡಂತೆ ಅದು ನೀರು ಏರಿಸಿಕೊಳ್ಳುತ್ತದೆ.

ಇನ್ನು ನನ್ನ ದಡ್ಡತನ. ನನ್ನದು 12 ಬೋರಿನ ಒಂಟಿ ನಳಿಗೆ ಕೋವಿ. ಒಂದು ಶ್ರಾವಣದಲ್ಲಿ ರಾತ್ರಿಯಿಡೀ ಗದ್ದೆಯ ಮಾಳದಲ್ಲಿ ಕುಳಿತು ಬೆಳಗ್ಗೆ ತೊಯ್ದು ಬಂದವನು, ಬೇಗ ಒಣಗಲೆಂದು ಕೋವಿಯನ್ನು ಒಲೆಯ ಮೇಲಿನ ಅಟ್ಟದ ಅಂಚಿಗೆ ಒರಗಿಸಿಟ್ಟೆ. ಮೂರು ದಿನದಲ್ಲಿ ಮರ ಒಣಗಿತು, ಕತ್ತಿನಲ್ಲಿ ಸೀಳೂ ಬಿಟ್ಟಿತು. ಊರಿನ ಆಚಾರ್ರ ಬಳಿ ಒಯ್ದೆ. ಪಾಪ, ಅವರು ನೇಗಿಲು, ನೊಗ, ಬಾಗಿಲುಗಳಲ್ಲಿ ಪಳಗಿದವರು. "ಅಯ್ಯಾ, ಇದು ನನ್ನ ಕೆಲಸ ಅಲ್ಲ" ಎಂದು ಹೇಳಿಯೂ ಹೇಳಿದರು. ನಾನು ಒತ್ತಾಯ ಮಾಡಿದೆ. ಎರಡು ಮೊಳೆ ಹೊಡೆದು ಹಿತ್ತಾಳೆಯ ಪಟ್ಟಿ ಸುತ್ತಿ ಕೊಟ್ಟರು. ಮುಂದಿನ ಮಳೆಗಾಲದಲ್ಲಿ ಹಂದಿ ಬೆದರಿಸಲೆಂದು ಹಾರಿಸಿದ ಮೂರನೆಯ ತೋಟೆಗೆ ಮರ ಮೊಳೆಯ ಸಾಲಿನಲ್ಲೇ ಎರಡಾಯಿತು. ಹಿತ್ತಾಳೆ ಪಟ್ಟಿಯ ಅಂಚು ಹೆಬ್ಬೆರಳು ತೋರುಬೆರಳುಗಳ ನಡುವೆ ಕೊಯ್ದ ಗುರುತು ಇಂದಿಗೂ ಇದೆ. ಪರವಾನಗಿ ಇಲ್ಲದವರ ಕೈಯಲ್ಲಿ ಕೋವಿ ರಿಪೇರಿ ಮಾಡಿಸುವುದೇ ಕಾಯಿದೆಯ 5ನೇ ಕಲಮಿಗೆ ವಿರುದ್ಧವೆಂಬುದು ನನಗೆ ಆಮೇಲೆ ತಿಳಿಯಿತು. ತಪ್ಪು ಆಚಾರ್ರದ್ದಲ್ಲ, ನನ್ನದು.

ಹಾಗಾದರೆ ಪ್ಲಾಸ್ಟಿಕ್ ಹಿಡಿಯೇ ಉತ್ತರವೇ? ಮರದ ಮೇಲಿನ ಈ ದೂರು ನಮ್ಮ ಮಲೆನಾಡಿನದ್ದು ಮಾತ್ರವಲ್ಲ. ಅಮೆರಿಕದ ನೌಕಾಪದಾತಿಗಳು 1966ರಿಂದ ವಿಯೆಟ್ನಾಮಿನ ಕಾಡಿಗೆ ಒಯ್ದ ಗುರಿಕಾರರ ರೈಫಲ್‌ಗೆ ಅಕ್ರೋಟು ಮರದ ಹಿಡಿಯಿತ್ತು. ಅಲ್ಲಿಯ ಮಳೆ, ಸೆಕೆಗೆ ಮರ ಉಬ್ಬಿ ಸೊಟ್ಟಗಾಗಿ ನಳಿಗೆಗೆ ಒತ್ತತೊಡಗಿತು, ಗುರಿ ತಪ್ಪತೊಡಗಿತು. 1970ರ ದಶಕದಲ್ಲಿ ಅವರು ಅದೇ ರೈಫಲನ್ನು ಗಾಜಿನ ನಾರಿನ ಹಿಡಿಗೆ ಬದಲಾಯಿಸಿಕೊಂಡರು. ಅದಕ್ಕೂ ಮುಂಚೆ, ಎರಡನೆಯ ಮಹಾಯುದ್ಧದ ಹೊತ್ತಿಗೆ, ಜರ್ಮನರು ತೆಳು ಹಲಗೆಗಳನ್ನು ಅಂಟಿಸಿ ಒತ್ತಿದ ಪದರು ಮರದ ಹಿಡಿಗಳನ್ನು ತಮ್ಮ ಮೌಸರ್ ರೈಫಲ್‌ಗಳಿಗೆ ಹಾಕಿದ್ದರು. ನಮ್ಮ ಸೈನ್ಯದಿಂದ ನಿವೃತ್ತರಾದವರು ನಿಮ್ಮೂರಲ್ಲಿದ್ದರೆ ಕೇಳಿ ನೋಡಿ. ಇಷಾಪುರದ ಹಳೆಯ ಎಸ್ಎಲ್ಆರ್‌ನ ಮರವನ್ನೂ ನಂತರ ಬಂದ ಇನ್ಸಾಸ್‌ನ ಪ್ಲಾಸ್ಟಿಕ್ಕನ್ನೂ ಎರಡನ್ನೂ ಹೆಗಲಿಗೇರಿಸಿದವರು ಅವರು.

ಆದರೆ ರೈಫಲ್ಲಿಗೂ ನಮ್ಮ ತೋಟೆ ಕೋವಿಗೂ ಒಂದು ವ್ಯತ್ಯಾಸವಿದೆ. ರೈಫಲ್ಲಿನಲ್ಲಿ ಉದ್ದನೆಯ ಮರದ ಹಾಸಿಗೆಯ ಮೇಲೆ ನಳಿಗೆಯೂ ಲಾಕಿನ ಭಾಗವೂ ಮಲಗಿರುತ್ತವೆ. ಮರ ಸೊಟ್ಟಗಾದರೆ ಒಂಟಿ ಗುಂಡು ಹೋಗುವ ದಾರಿಯೇ ಬದಲಾಗುತ್ತದೆ. ಪರೀಕ್ಷೆ ಮಾಡುವುದು ಸುಲಭ. ನಳಿಗೆಯನ್ನು ಮರದಿಂದ ಬಿಡಿಸಿಟ್ಟು ಕೂರಿಸುವ ಮಾದರಿಯ ರೈಫಲ್ಲಾದರೆ ನಳಿಗೆಗೂ ಮುಂದಿನ ಮರಕ್ಕೂ ನಡುವೆ ಒಂದು ಗರಿಗರಿ ನೋಟು ತೂರಿಸಿ ಹಿಂದಕ್ಕೆ ಎಳೆದು ನೋಡಿ. ಬೇಸಿಗೆಯಲ್ಲಿ ಸಲೀಸಾಗಿ ಹೋದ ನೋಟು ಮಳೆಗಾಲದಲ್ಲಿ ತಡೆದರೆ ಮರ ಉಬ್ಬಿದೆ ಎಂದು ತಿಳಿಯಿರಿ. ಚರೆ ತೋಟೆಯ ಕೋವಿಯಲ್ಲಿ ನಳಿಗೆ ಮಡಚಿಕೊಳ್ಳುವ ಕೀಲಿನ ಮೇಲೆ ನಿಂತಿರುತ್ತದೆ, ಹಿಂದಿನ ಮರ ಬೇರೆ, ಮುಂದಿನ ಮರ ಬೇರೆ. ಮರ ಕೊಂಚ ಉಬ್ಬಿದರೂ ಗುರಿ ಕೆಡುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒದೆತ ತಾಳುತ್ತದೆಯೇ, ಸೀಳುತ್ತದೆಯೇ?

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ರೈಫಲ್ ಇರುವವರು, ಅದನ್ನು ಮಳೆಯಲ್ಲಿ ಹೊರಗೆ ಒಯ್ಯಲೇಬೇಕಾದವರು, ಅದರ ಮಾದರಿಗೇ ತಯಾರಿಸಿದ ಒಳ್ಳೆಯ ಗಾಜಿನ ನಾರಿನ ಅಥವಾ ಪದರು ಮರದ ಹಿಡಿ ಸಿಕ್ಕರೆ ಹಾಕಿಸಲಿ. ತೋಟೆ ಕೋವಿಯವರು ಮರವನ್ನು ಬಿಡಬೇಕಾಗಿಲ್ಲ. ಸರಿಯಾದ ಮರವನ್ನು ಸರಿಯಾಗಿ ಮುಚ್ಚಿದರೆ ಸಾಕು. "ಮಳೆಗೆ ಜಗ್ಗದು" ಎಂಬ ಒಂದೇ ಮಾತಿಗೆ ಮರುಳಾಗಿ ಅಗ್ಗದ ಅಚ್ಚಿನ ಪ್ಲಾಸ್ಟಿಕ್ ಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಗ್ಗದ ಹಿಡಿ ಒಳಗೆ ಪೊಳ್ಳು. ಮುಂಭಾಗ ಕೈಯಲ್ಲಿ ಒತ್ತಿದರೆ ಬಳುಕುತ್ತದೆ. ತಟ್ಟೆಯ ಸಂದಿನಿಂದ ಹೊಕ್ಕ ನೀರು ಒಳಗೇ ನಿಂತು, ಕೋವಿ ಬಾಗಿಸಿದಾಗ ಲಾಕಿನ ಭಾಗಕ್ಕೆ ಇಳಿಯುತ್ತದೆ. ತೂಕ ಕಡಿಮೆಯಾದಷ್ಟೂ ಒದೆತ ಹೆಚ್ಚು. ಕಾಫಿ ಗಿಡದ ರೆಂಬೆಗೆ ತಾಗಿದರೆ ಡಬ್ಬ ಬಡಿದ ಸದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿ ಪ್ಲಾಸ್ಟಿಕ್ಕಾದ ಮಾತ್ರಕ್ಕೆ ನಳಿಗೆ ಪ್ಲಾಸ್ಟಿಕ್ ಆಗುವುದಿಲ್ಲ. ಹಿಡಿಗೆ ತುಕ್ಕಿಲ್ಲವೆಂದು ಕೋವಿಯನ್ನು ಒರೆಸದೆ ಇಟ್ಟವರ ನಳಿಗೆಯ ಅಡಿಭಾಗ ಹೇಗಿರುತ್ತದೆಂದು ಬಿಚ್ಚಿದಾಗಲೇ ಗೊತ್ತಾಗುವುದು.

ಪದರು ಮರದ್ದು ಒಂದೇ ಕೊರತೆ, ಭಾರ. ಆದರೆ ಒಂದು ಪದರದ ಎಳೆಯ ಸೆಳೆತವನ್ನು ಇನ್ನೊಂದು ತಡೆಯುವುದರಿಂದ ಅದು ಇಡಿ ಮರದಷ್ಟು ಸೊಟ್ಟಗಾಗುವುದಿಲ್ಲ, ಸೀಳುವುದೂ ಅಪರೂಪ. ನನ್ನ ಬಳಿ ರೈಫಲ್ ಇದ್ದಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ.

ನಮ್ಮೂರಿನ ಮರಗಳ ಮಾತು. "ಮನೆಯಲ್ಲೇ ಬೀಟೆ ಹಲಗೆ ಇದೆಯಲ್ಲ" ಎನ್ನುವವರಿದ್ದಾರೆ. ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ ತೂಗುವ ಮರ. ಅಕ್ರೋಟು 640ರ ಆಸುಪಾಸು. ಬೀಟೆಯ ಹಿಡಿ ಹಾಕಿದ ಕೋವಿ ಹಿಂದಕ್ಕೆ ಜಗ್ಗುತ್ತದೆ. ಮೇಲಾಗಿ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೆಂಬುದು ನಿಮಗೆ ನಾನು ಹೇಳಬೇಕಾದ್ದಿಲ್ಲ. ತೇಗ ತೂಕದಲ್ಲಿ ಅಕ್ರೋಟಿಗೆ ಸಮ, ನೀರಿಗೂ ಹೆಚ್ಚು ಅಳುಕುವುದಿಲ್ಲ. ಆದರೆ ಪೆಟ್ಟಿಗೆ ಎಳೆಯುದ್ದಕ್ಕೂ ಸಿಡಿಯುವ ಗುಣ ಅದಕ್ಕಿದೆ. ಕತ್ತಿನ ಜಾಗದಲ್ಲಿ ಎಳೆ ಉದ್ದಕ್ಕೆ ನೇರವಾಗಿ ಹಾದುಹೋಗುವ ತುಂಡನ್ನೇ ಆರಿಸಿದರೆ ತೇಗವೂ ನಡೆದೀತು. ಎಳೆ ಕತ್ತನ್ನು ಓರೆಯಾಗಿ ಕಡಿದು ಹೋಗುವ ತುಂಡು ಎಷ್ಟೇ ಚಂದದ ಗೆರೆಯಿದ್ದರೂ ಬೇಡ. ಕೋವಿಯ ಮರಕ್ಕೆ ಅಕ್ರೋಟೇ ಏಕೆ ಹೆಸರಾಯಿತೆಂದರೆ ಹಗುರ, ಪೆಟ್ಟು ತಾಳುವಿಕೆ, ಕೊರೆಯಲು ಮೃದು, ಈ ಮೂರೂ ಒಂದರಲ್ಲಿ ಸಿಗುವುದು ಅಪರೂಪವೆಂದು.

ಅಳತೆಯ ಬಗ್ಗೆ ಯಾರೂ ಹೇಳುವುದಿಲ್ಲ. ಟ್ರಿಗರಿನಿಂದ ಭುಜದ ತಟ್ಟೆಯ ತನಕ ಇರುವ ಉದ್ದ ಸಾಮಾನ್ಯವಾಗಿ ಹದಿನಾಲ್ಕು ಅಂಗುಲದ ಆಚೀಚೆ. ಮೊಣಕೈ ಮಡಚಿ ಅದರ ಒಳಗೆ ಹಿಡಿಯ ತುದಿ ಇಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ನಿಲುಕಬೇಕು. ಇದು ಬರಿಮೈಯ ಲೆಕ್ಕ. ನಾವು ಕೋವಿ ಎತ್ತುವುದು ಕಂಬಳಿ ಕೊಪ್ಪೆ ಹಾಕಿಕೊಂಡೋ ದಪ್ಪ ಮಳೆಕೋಟು ತೊಟ್ಟೋ. ಅರ್ಧ ಅಂಗುಲ ಉದ್ದ ಹೆಚ್ಚಾದರೂ ಕತ್ತಲಲ್ಲಿ ಅವಸರದಲ್ಲಿ ಎತ್ತುವಾಗ ತಟ್ಟೆ ಕಂಬಳಿಗೆ ಸಿಕ್ಕಿಕೊಳ್ಳುತ್ತದೆ. ಬೆರಳು ಆಗಲೇ ಟ್ರಿಗರಿನ ಬಳಿ ಇರುತ್ತದೆ. ಅವಘಡಕ್ಕೆ ಇನ್ನೇನು ಬೇಕು? ಕೈ ಹಿಡಿಯುವ ಜಾಗದಲ್ಲಿ ಚೌಕುಳಿ ಗೀರುಗಳಿರಲಿ, ಒದ್ದೆ ಕೈಗೆ ನುಣುಪು ಮೈ ಜಾರುತ್ತದೆ. ತುದಿಗೆ ರಬ್ಬರಿನ ಮೆತ್ತೆ ಇದ್ದರೆ ವಯಸ್ಸಾದವರ ಹೆಗಲಿಗೆ ಉಪಕಾರ.

ಹಿಡಿ ಬದಲಾಯಿಸಲು ಪರವಾನಗಿ ಪಡೆದ ಕೋವಿ ಅಂಗಡಿ ಅಥವಾ ರಿಪೇರಿಯವರ ಬಳಿಗೇ ಹೋಗಬೇಕು. ಕಾಯಿದೆಯಲ್ಲಿ ಆಯುಧ ಎಂಬ ಮಾತಿನೊಳಗೆ ಅದರ ಬಿಡಿಭಾಗಗಳೂ ಬರುತ್ತವೆ. ಅಳಿಯನ ಕೈಲಿ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳುವುದು ಜಾಣತನ. ಮನೆಯಲ್ಲಿ ಬಿಚ್ಚುವ ಚಪಲ ಬೇಡ. ಹಳೆಯ ಲೀ-ಎನ್‌ಫೀಲ್ಡ್ ಸೇನಾ ರೈಫಲ್ಲಿನಲ್ಲಿ ಮುಂದಿನ ಮರ ತೆಗೆಯದೆ ಹಿಂದಿನ ಹಿಡಿಯ ಬೋಲ್ಟು ತಿರುಗಿಸಿದರೆ ಬೋಲ್ಟಿನ ಚೌಕ ತುದಿ ಮುಂದಿನ ಮರವನ್ನೇ ಸೀಳಿಬಿಡುತ್ತಿತ್ತು. ನಮ್ಮಲ್ಲಿ ಕೆಲವರ ಬಳಿ ಇರುವ .315 ರೈಫಲ್ ಅದೇ ವಂಶದ್ದು. ಅದರ ಹಿಡಿ ಎರಡು ತುಂಡಿನದ್ದಾದ್ದರಿಂದ ಕೆಟಲಾಗಿನ ಒಂದೇ ತುಂಡಿನ ಹಿಡಿಗಳು ಅದಕ್ಕೆ ಕೂರುವುದೂ ಇಲ್ಲ. ಇನ್ನು, ಹೊಸ ಹಿಡಿಯ ನೆಪದಲ್ಲಿ ಕೋವಿಯನ್ನು ಗಿಡ್ಡ ಮಾಡಿಸಲು ಹೋಗಬೇಡಿ. ಪರವಾನಗಿ ಇಲ್ಲದೆ ನಳಿಗೆ ಮೊಟಕುಗೊಳಿಸುವುದು 6ನೇ ಕಲಮಿನಂತೆ ಅಪರಾಧ.

ತಾಲ್ಲೂಕಿಗೆ ಒಬ್ಬರಾದರೂ ಪರವಾನಗಿಯುಳ್ಳ ರಿಪೇರಿಯವರು ಇರಬೇಕೆಂದು ನಾನು ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದೇನೆ. ಬೆಳೆ ರಕ್ಷಣೆಗೆಂದು ಕೋವಿ ಕೊಡುವ ಸರ್ಕಾರ ಅದನ್ನು ದುರಸ್ತಿಯಲ್ಲಿಡುವ ದಾರಿಯನ್ನೂ ತೋರಿಸಬೇಡವೇ? ದೂರದ ಪಟ್ಟಣಕ್ಕೆ ಎರಡು ಬಸ್ಸು ಹತ್ತಿಳಿದು ಕೋವಿ ಹೊತ್ತೊಯ್ಯಬೇಕಾದ ರೈತ ಮೊಳೆಗೇ ಶರಣಾಗುತ್ತಾನೆ. ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ ಕೋವಿಗಳ ಕಥೆಯೂ ಇದೇ. ಮುಂಗಾರಿನ ಹೊಸ್ತಿಲಲ್ಲಿ ಅವು ಮರಳಿ ಬರುವಾಗ ಯಾರ ಮರಕ್ಕೆ ಏನಾಗಿದೆ ಎಂದು ನೋಡುವವರಿಲ್ಲ. ಒಪ್ಪಿಸುವ ಮೊದಲು ಎಣ್ಣೆ ಬಟ್ಟೆಯಿಂದ ಒರೆಸಿ, ಹಿಡಿಯ ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಹಿಡಿ ಗಟ್ಟಿಯಾಗಿಯೇ ಇದ್ದರೆ ಬದಲಾಯಿಸುವ ಖರ್ಚು ಬೇಡ, ಮುಚ್ಚಿದರೆ ಸಾಕು. ರಿಪೇರಿಯವರು ಬಿಚ್ಚಿ ಕೊಟ್ಟ ಮರಕ್ಕೆ ಕುದಿಸಿದ ಅಗಸೆ ಎಣ್ಣೆಯನ್ನು, ಬಣ್ಣದಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುತ್ತದೆ, ಅಂಗೈಯಿಂದ ತೆಳುವಾಗಿ ಉಜ್ಜಿ. ದಿನಕ್ಕೆ ಒಂದೇ ಸಲ, ಒಣಗಿದ ಮೇಲೆ ಮತ್ತೊಂದು. ಏಳೆಂಟು ಸಲ ಬೇಕು. ಕೊನೆಗೆ ಜೇನುಮೇಣ. ತಟ್ಟೆಯ ಹಿಂದಿನ ತುದಿಗೂ ಕಬ್ಬಿಣ ಕೂರುವ ಒಳಕೊರೆತಕ್ಕೂ ಹೊರಾಂಗಣ ಬಾಗಿಲಿಗೆ ಬಳಿಯುವ ವಾರ್ನಿಷನ್ನು ಎರಡು ಮೂರು ಸಲ ಬಳಿಸಿ; ಎಣ್ಣೆ ನೀರನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಅರಗಿನ ಪಾಲಿಶ್ ನಮ್ಮ ಮಳೆಗೆ ಬೆಳ್ಳಗಾಗುತ್ತದೆ. ತೆಂಗಿನೆಣ್ಣೆ ಒಣಗುವುದೇ ಇಲ್ಲ. ಹಳೆಯ ಇಂಜಿನ್ ಎಣ್ಣೆ, ಸೀಮೆಎಣ್ಣೆ ಮರವನ್ನು ಮೆತ್ತಗೆ ಮಾಡುತ್ತವೆ, ದಯವಿಟ್ಟು ಮುಟ್ಟಿಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ ಅಂಗಳದಲ್ಲಿ ಒಣಗಿಸಿ, ಅಡಿಕೆ ಹಾಳೆಯ ರಾಶಿಯ ಹತ್ತಿರವಂತೂ ಬೇಡ.

ತೊಯ್ದ ಕೋವಿಯನ್ನು ಒಲೆಯಿಂದ ದೂರ, ಗಾಳಿಯಾಡುವ ಕಡೆ ಇಡಿ. ಒರೆಸಿ ಎಣ್ಣೆ ಹಚ್ಚಿದ ಮೇಲೆ ಒಂದೆರಡು ದಿನ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಕೆಳಗೆ ಗೋಣಿಯ ತುಂಡು ಹಾಕಿ. ಮೇಲ್ಮುಖವಾಗಿ ನಿಲ್ಲಿಸಿದರೆ ನಳಿಗೆಯ ಎಣ್ಣೆಯೆಲ್ಲ ಲಾಕಿನ ಮೂಲಕ ಮರದ ಕತ್ತಿಗೆ ಇಳಿಯುತ್ತದೆ. ನಾನು ಮೊದಲು ಹೇಳಿದ, ಹೆಬ್ಬೆರಳಿಗೆ ಜಿನುಗುವ ಎಣ್ಣೆ ಬಂದದ್ದು ಹಾಗೆ.

ನನ್ನ ಕೋವಿಗೆ ಈಗ ಅಕ್ರೋಟಿನ ಹೊಸ ಹಿಡಿಯಿದೆ. ಐದು ಮಳೆಗಾಲ ಕಳೆದಿದೆ. ಅಂಗಡಿಗೆ ಹೋಗುವಾಗ ಪರವಾನಗಿ ಪುಸ್ತಕದ ಜೊತೆಗೆ ಗದ್ದೆಗೆ ತೊಡುವ ಕಂಬಳಿ ಕೊಪ್ಪೆಯನ್ನೂ ಒಯ್ದಿದ್ದೆ. ನೀವೂ ಒಯ್ಯಿರಿ, ಹಾಕಿಕೊಂಡೇ ಅಳತೆ ಕೊಡಿ. ಅಂಗಡಿಯವರು ನಕ್ಕರೆ ನಗಲಿ.